ಓಗೊಟ್ಟವರು ಹೋಗಬೇಕು

ಗಾಯತ್ರಿ ವಿಶ್ವಣ್ಣನನ್ನು ಮೊದಲ ಸಲ ಕಂಡದ್ದು ೨೦೦೮ರ ಅಕ್ಟೋಬರ್ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಹತ್ತೂವರೆಗೆ. ಆಗ ಅವರು ಒಂದು ಒದ್ದೆ ಗೋಣಿಚೀಲಕ್ಕೆ ಹೊಡೆಯುತ್ತಿದ್ದರು.

ಹೊನ್ನಾವರದಿಂದ ಶರಾವತಿಯ ಸೇತುವೆ ದಾಟಿ ಕಾಸರಕೋಡಿನ ಕಡೆ ಇಳಿದರೆ ನದೀದಂಡೆಯಲ್ಲಿ ತೆಂಗಿನ ನಾರು ತುಂಬಿಡುತ್ತಿದ್ದ ಹಳೆಯ ಗೋದಾಮು ಒಂದಿತ್ತು. ಅದೇ ಅವರ ರೆಕಾರ್ಡಿಂಗ್ ಕೋಣೆ. ಗೋಡೆಗೆಲ್ಲ ನಾರಿನ ಚಾಪೆ ಬಡಿದಿದ್ದರು. ಬಾಗಿಲಿನ ಒಳಮೈಯಲ್ಲಿ ಸೀಮೆಸುಣ್ಣದಿಂದ ರೈಲಿನ ಹೊತ್ತುಗಳನ್ನು ಬರೆದಿತ್ತು, ಏಕೆಂದರೆ ನದಿಯ ಮೇಲಿನ ರೈಲು ಸೇತುವೆ ಅಲ್ಲಿಂದ ಕಣ್ಣಳತೆಯಲ್ಲಿತ್ತು. ನೀಲಿ ಲುಂಗಿಯನ್ನು ಮೊಣಕಾಲಿಗೆ ಮಡಚಿ ಕಟ್ಟಿದ್ದ, ನಲವತ್ತರ ಆಚೀಚಿನ ತೆಳ್ಳಗಿನ ಮನುಷ್ಯ. ಕುತ್ತಿಗೆಯಲ್ಲಿ ಹೆಡ್‌ಫೋನು. ಕೈಯಲ್ಲಿ ತೆಂಗಿನ ಮಡಲಿನ ದಿಂಡು. ಎತ್ತಿ ಎತ್ತಿ ಗೋಣಿಗೆ ಬಾರಿಸುತ್ತಿದ್ದರು. ನೀರು ಸಿಡಿದು ಅಂಗಿಯೆಲ್ಲ ಒದ್ದೆ.

ಕುಮಟೆಯ ಕಾಲೇಜಿನಿಂದ ಬಂದಿದ್ದ ಹತ್ತು ಹುಡುಗಿಯರು ಬಾಗಿಲಲ್ಲೇ ನಿಂತುಬಿಟ್ಟರು. ವಿಶ್ವಣ್ಣ ತಿರುಗಿ ನೋಡಿ, ದಿಂಡನ್ನು ಹಿಂದೆ ಅಡಗಿಸಿಕೊಂಡು, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ನಕ್ಕರು.

"ಸಿನಿಮಾದಲ್ಲಿ ಪೊಲೀಸರು ಮಕ್ಕಳಿಗೆ ಹೊಡೀತಾ ಇದ್ರು. ಇನ್ನು ನಾಕು ಏಟು ಬಾಕಿ ಉಂಟು. ನೀವು ಕೂತ್ಕೊಳ್ಳಿ ತಂಗೀರೆ, ಆತು ಈಗ."

ನಾಲ್ಕು ಏಟು ಹೊಡೆದರು. ಪ್ರತಿ ಏಟಿಗೂ ತಾವೇ ಕಣ್ಣು ಮುಚ್ಚಿದರು. ಗಾಯತ್ರಿಯ ಪಕ್ಕದಲ್ಲಿದ್ದ ಗೆಳತಿ ಮಂಗಲಾ ಕಿವಿಯಲ್ಲಿ ಹೇಳಿದಳು: "ಪಾಪ ಮಾರಾಯ್ತಿ, ಗೋಣಿಚೀಲಕ್ಕೂ ನೋವಾಗ್ತದೆ ಅಂದ್ಕೊಂಡಿದ್ರು ಇವ್ರು."

ಮುಂದೆ ಹದಿನೈದು ವರ್ಷ ಅವರನ್ನು ಹತ್ತಿರದಿಂದ ನೋಡಿದ ಮೇಲೂ ಮಂಗಲಾ ಆಡಿದ ಆ ಮಾತು ಸುಳ್ಳು ಎಂದು ಗಾಯತ್ರಿಗೆ ಅನ್ನಿಸಲಿಲ್ಲ. ವಿಶ್ವನಾಥ, ಎಲ್ಲರ ಬಾಯಲ್ಲಿ ವಿಶ್ವಣ್ಣ, ಜನ್ಮದಲ್ಲಿ ಯಾರಿಗೂ ಎದುರಾಡಿದವರಲ್ಲ. ಬಸ್ಸಿನಲ್ಲಿ ಟವೆಲು ಹಾಕಿ ಹಿಡಿದ ಸೀಟಿನಲ್ಲಿ ಬೇರೆಯವರು ಕೂತರೆ ಟವೆಲನ್ನು ಮೆಲ್ಲಗೆ ಎಳೆದುಕೊಂಡು ಕ್ಷಮಿಸಿ ಎನ್ನುವವರು. ಅಂಥವರ ಹೊಟ್ಟೆಪಾಡು ಬಂಡಾಯದ ಸಿನಿಮಾಗಳಿಗೆ ಸಂಗೀತ ಮಾಡುವುದು. ಹುಡುಗರು ಕಲ್ಲು ಎಸೆಯುವಾಗ, ಗೇಟಿಗೆ ಬೀಗ ಜಡಿಯುವಾಗ, ಅಪ್ಪನ ಎದುರು ಎದೆ ಸೆಟೆಸಿ ನಿಲ್ಲುವಾಗ ಹಿನ್ನೆಲೆಯಲ್ಲಿ ಕೇಳುವ ಗದ್ದಲ, ಡೋಲು, ಮೌನ ಎಲ್ಲವೂ ಅವರದು.

ಅವರು ಭಟ್ಕಳ ತಾಲೂಕಿನ ಕಾಯ್ಕಿಣಿಯವರು. ಮನೆಯಲ್ಲಿ ಗದ್ದೆ, ಎರಡು ಎತ್ತು, ಐವರು ಮಕ್ಕಳು. ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಭಟ್ಕಳದ ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಸೇರಿದರು. ಅಂಗಡಿಯ ಸಾಹೇಬರು ಹತ್ತು ವರ್ಷ ದುಬೈಯಲ್ಲಿದ್ದು ಬಂದವರು, ಮನೆಯಲ್ಲಿ ನವಾಯತಿ, ಗಿರಾಕಿಗಳ ಜೊತೆ ಉರ್ದು, ಇವರ ಜೊತೆ ಕನ್ನಡ. ಕೆಟ್ಟ ಟೇಪ್‌ರೆಕಾರ್ಡರ್ ಯಾರು ತಂದರೂ ಸಾಹೇಬರು ಸ್ಕ್ರೂ ತಿರುಗಿಸಲು ಬಿಡುತ್ತಿರಲಿಲ್ಲ. "ಪೆಹ್ಲೆ ಸುನೋ, ಬಾದ್ ಮೆ ಖೋಲೋ" ಎನ್ನುತ್ತಿದ್ದರು. ಮೊದಲು ಕೇಳು, ಆಮೇಲೆ ಬಿಚ್ಚು. ಹಾಗೆ ಕಿವಿಗೊಟ್ಟು ಕೂತು ಕೂತು ವಿಶ್ವಣ್ಣನ ಕಿವಿ ತಯಾರಾಯಿತು. ಆರು ವರ್ಷದ ಮೇಲೆ ಸಾಹೇಬರೇ ಹಳೆಯ ಎರಡು ರೆಕಾರ್ಡಿಂಗ್ ಡೆಕ್ಕುಗಳನ್ನು ಕೊಟ್ಟು, ಇನ್ನು ನಿನ್ನದು ನೀನು ಮಾಡು ಎಂದರು. ಹೊನ್ನಾವರದಲ್ಲಿ ಕ್ಯಾಸೆಟ್ ಕಂಪನಿ ಶುರುವಾಯಿತು. ಯಕ್ಷಗಾನದ ಪ್ರಸಂಗ, ಭಜನೆ, ಮದುವೆಯ ಹಾಡು, ನಗೆಹನಿ. ಮುರ್ಡೇಶ್ವರದಿಂದ ಯಾಣದವರೆಗೆ ಯಾವ ಅಂಗಡಿಯ ಗಾಜಿನ ಕಪಾಟಿನಲ್ಲಿ ನೋಡಿದರೂ ಅವರ ಹಳದಿ ಲೇಬಲ್ಲು ಇರುತ್ತಿತ್ತು. ಆಮೇಲೆ ಸೀಡಿ ಬಂತು, ಮೊಬೈಲು ಬಂತು, ಕ್ಯಾಸೆಟ್ಟಿನ ಕಾಲ ಮುಗಿಯಿತು. ಅಂಗಡಿಯವರು ಮಾರಾಟವಾಗದ ಪೆಟ್ಟಿಗೆಗಳನ್ನು ತಂದು ಗೋದಾಮಿಗೆ ಸುರಿದು ಹೋದರು. ವಿಶ್ವಣ್ಣ ಅವರಿಗೆಲ್ಲ ಚಹಾ ಕೊಟ್ಟು ಕಳಿಸಿದರು.

ಆ ಹೊತ್ತಿಗೆ ಬಂದವನು ಶಿಶಿರ. ಕುಮಟೆಯ ಮಾಸ್ತರರ ಮಗ, ಬೆಂಗಳೂರಿನಲ್ಲಿ ನಾಲ್ಕು ನಿರ್ದೇಶಕರ ಕೆಳಗೆ ದುಡಿದು, ಅವರೆಲ್ಲರ ಜೊತೆ ಜಗಳಾಡಿ ಊರಿಗೆ ಮರಳಿದವನು. ಸಿಟ್ಟು ಅವನ ಮೂಗಿನ ತುದಿಯಲ್ಲೇ ಇತ್ತು. ತನ್ನ ಮೊದಲ ಸಿನಿಮಾ 'ಹಾಜರಿ ಪುಸ್ತಕ'ವನ್ನು ಇಲ್ಲಿಯೇ ತೆಗೆದ. ಹಾಜರಿ ಸಾಲದೆಂದು ಪರೀಕ್ಷೆಯಿಂದ ಹೊರಗಿಟ್ಟ ಬಡಹುಡುಗಿಯರಿಗಾಗಿ ಇಡೀ ಹಾಸ್ಟೆಲ್ಲು ಕಾಲೇಜಿನ ಗೇಟು ಹಾಕುವ ಕತೆ. ಅದರ ಕಟ್ಟಕಡೆಗೆ, ಗೇಟು ತೆಗೆಯಿರಿ ಎಂದು ಪ್ರಿನ್ಸಿಪಾಲರು ಹೇಳಿದಾಗ, ನಲವತ್ತು ಹುಡುಗಿಯರು ಒಟ್ಟಿಗೆ "ಇಲ್ಲ" ಎಂದು ಕೂಗಬೇಕು. ಆ ಒಂದು ಕೂಗಿಗಾಗಿ ಹತ್ತು ಹುಡುಗಿಯರು ಬಂದದ್ದು.

ಗಾಯತ್ರಿ ಮನೆಯಲ್ಲಿ ಹೇಳಿದ್ದು ಬೇರೆ. ಎನ್ನೆಸ್ಸೆಸ್ ಶ್ರಮದಾನ ಎಂದಿದ್ದಳು. ಹಿರೇಗುತ್ತಿಯ ಗಜನಿ ಬೇಸಾಯದ ಮನೆ ಅವಳದು. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲು. ಅಪ್ಪ ಹೊನ್ನ ಅವಳನ್ನು ಬಿ.ಎ.ಗೆ ಕಳಿಸುವಾಗ ಒಂದೇ ಮಾತು ಹೇಳಿದ್ದ: "ಮನೆ, ಬಸ್ಸು, ಕಾಲೇಜು. ನಾಕನೇ ಜಾಗ ಅಂತ ಕೇಳಿದ್ರೆ ಪಾಟಿಚೀಲ ಒಲೆಗೆ." ಅದರ ಮೇಲೆ ದಸರೆಯ ರಜೆಯಲ್ಲಿ ಸೋದರಮಾವ ಶುಕ್ರ ಅಂಕೋಲೆಯ ಕಡೆಯ ಒಂದು ಸಂಬಂಧ ತಂದಿದ್ದ. ಹುಡುಗನಿಗೆ ಸ್ವಂತ ಟೆಂಪೊ. ಸುಗ್ಗಿ ಹಬ್ಬ ಮುಗಿದ ಮೇಲೆ ನಿಶ್ಚಯ, ಮೇ ತಿಂಗಳಲ್ಲಿ ಮದುವೆ ಎಂದು ಹಿರಿಯರು ಮಾತಾಡಿಕೊಂಡಿದ್ದರು. ಅಂದರೆ ಕೊನೆಯ ವರ್ಷದ ಓದು ಇಲ್ಲ. ಸಿನಿಮಾದವರ ಗೋದಾಮಿಗೆ ಹೋಗಿದ್ದಳು ಎಂದು ತಿಳಿದರೆ ಮೇ ತಿಂಗಳವರೆಗೂ ಕಾಯುವ ಪ್ರಶ್ನೆ ಇರಲಿಲ್ಲ. ಆದರೂ ಬಂದಿದ್ದಳು, ಯಾಕೆಂದು ಅವಳಿಗೇ ಸರಿಯಾಗಿ ತಿಳಿದಿರಲಿಲ್ಲ.

ಹತ್ತು ಹುಡುಗಿಯರು ಮೈಕಿನ ಮುಂದೆ ನಿಂತು "ಇಲ್ಲ" ಎಂದರು. ಶಿಶಿರ ಹಣೆ ಹಿಡಿದುಕೊಂಡ.

"ಎಂತ ಇದು? ಬಸಳೆಸೊಪ್ಪು ಉಂಟಾ ಅಂತ ಕೇಳಿದವರಿಗೆ ಹೇಳಿದ ಹಾಗೆ ಆತು: ಇವತ್ತಿಲ್ಲ, ನಾಳೆ ಬಾ."

ಇನ್ನೊಮ್ಮೆ ಎಂದರು. "ಈಗ ಬಾಯಿಪಾಠ ಒಪ್ಪಿಸಿದ ಹಾಗೆ." ಹತ್ತನೆಯ ಸಲ ಮುಗಿಯುವಾಗ ಮಂಗಲಾಗೆ ನಗು ತಡೆಯಲಿಲ್ಲ, ಇನ್ನೊಬ್ಬಳಿಗೆ ಅಳುವೇ ಬಂತು. ಶಿಶಿರ ಹೊರಗೆ ಹೋಗಿ ಗಾಳಿಮರಕ್ಕೆ ಒದ್ದು ಬಂದ.

ವಿಶ್ವಣ್ಣ ಬಾಗಿಲಿನ ಸೀಮೆಸುಣ್ಣದ ಬರಹ ನೋಡಿದರು. "ಅವಕ್ಕೆ ಕೂಗಿ ರೂಢಿ ಇಲ್ವೊ ಶಿಶಿರ. ಕೂಗ್ಬೇಡ ಅಂತ ಹೇಳಿಯೇ ದೊಡ್ಡ ಮಾಡಿದ್ದಲ್ವಾ ನಾವು. ದಂಡೆಗೆ ಬನ್ನಿ ತಂಗೀರೆ, ಈಗ ಲಾರಿ ಹೊತ್ತ ರೈಲು ಬರ್ತದೆ. ಅದು ಸೇತುವೆ ದಾಟೂ ತನಕ ಯಾರ ದನಿ ಯಾರಿಗೂ ಕೇಳೂದಿಲ್ಲ. ಕೂಗಿ."

ಅವರು ಮೈಕನ್ನು ಉದ್ದ ತಂತಿಯಲ್ಲಿ ಹೊರಗೆಳೆದರು. ಲಾರಿಗಳನ್ನು ಬೆನ್ನ ಮೇಲೆ ಸಾಲಾಗಿ ಹೊತ್ತ ಉದ್ದನೆಯ ರೈಲು ಸೇತುವೆಗೆ ಬಂತು. ನದಿ, ದಂಡೆ, ಕಾಲಡಿಯ ಮರಳು ಎಲ್ಲ ನಡುಗಿತು. ಆ ಸದ್ದಿನ ಮರೆಯಲ್ಲಿ ಹುಡುಗಿಯರು ಕೂಗಿದರು. ಹೊಟ್ಟೆಯೊಳಗಿಂದ, ಕುತ್ತಿಗೆಯ ನರ ಉಬ್ಬುವಂತೆ ಕೂಗಿದರು. ರೈಲು ದಾಟಿತು, ಎಲ್ಲರೂ ನಿಲ್ಲಿಸಿದರು, ಗಾಯತ್ರಿ ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿದ್ದಳು. ರೈಲು ಹೋದದ್ದು ಅವಳಿಗೆ ತಿಳಿಯಲೇ ಇಲ್ಲ. "ಇಲ್ಲ" ಎಂದು ಶುರುವಾದದ್ದು ಅಕ್ಷರ ಕಳೆದುಕೊಂಡು ಬರಿಯ ಕೂಗಾಗಿ ನೀರಿನ ಮೇಲೆ ಉದ್ದಕ್ಕೆ ಹೋಯಿತು, ಕೊನೆಯಲ್ಲಿ ಎರಡು ಸಲ ಮುಳುಗಿ ಎದ್ದಿತು. ಮೂರು ಉಸಿರು ಹಾಗೆ ಕೂಗಿ ಕಣ್ಣು ತೆರೆದರೆ ಎಲ್ಲರೂ ಅವಳನ್ನೇ ನೋಡುತ್ತಿದ್ದರು.

ವಿಶ್ವಣ್ಣ ಹೆಡ್‌ಫೋನಿನಲ್ಲಿ ಕೇಳಿದರು. ಹತ್ತು ಹುಡುಗಿಯರ ಕೂಗಿನ ಮೇಲೆಲ್ಲ ರೈಲು. ರೈಲಿನ ನಂತರ ಗಾಯತ್ರಿ ಒಬ್ಬಳೇ.

"ಕೊನೆಗೆ ಆ ಬಾಲ ಎಲ್ಲಿಂದ ಬಂತು ತಂಗಿ?"

ಗಾಯತ್ರಿ ನಾಚಿದಳು. ಅದು ಅವರ ಮನೆಯ ಕೂಗು. ಗಜನಿ ಎಂದರೆ ಭರತದಲ್ಲಿ, ಅಂದರೆ ಕಡಲಿನ ಉಬ್ಬರದಲ್ಲಿ, ಅಘನಾಶಿನಿಯ ಉಪ್ಪುನೀರು ಹೊಗುವ ಬಯಲುಗದ್ದೆ. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗದ ಭತ್ತ, ಉಳಿದ ದಿನ ನೀರು, ಮೀನು. ಈ ಕಟ್ಟೆಯಲ್ಲಿದ್ದವರು ಆ ಕಟ್ಟೆಯಲ್ಲಿದ್ದವರನ್ನು ಹೆಸರು ಹಿಡಿದು ಕರೆದರೆ ಗಾಳಿ ಹೆಸರನ್ನು ಅರ್ಧದಾರಿಯಲ್ಲೇ ತಿಂದುಬಿಡುತ್ತದೆ. ಅದಕ್ಕೆ ಅವಳ ಕೇರಿಯಲ್ಲಿ ಮನೆಗೊಂದು ಕೂಗು. ಕೂಗು ಕೇಳಿದವರು ಸುಮ್ಮನಿರಬಾರದು, "ಓ" ಎನ್ನಬೇಕು. ಓಗೊಟ್ಟವರು ಹೋಗಬೇಕು.

"ನಮ್ಮ ಕಾಯ್ಕಿಣಿಯಲ್ಲೂ ಇತ್ತು," ಎಂದರು ವಿಶ್ವಣ್ಣ. "ಗದ್ದೆಗೆ ಗಂಜಿ ತಂದ ಅಬ್ಬೆ ಕೂಗ್ತಿದ್ಲು. ಈಗ ಎಲ್ಲ ಮಿಸ್‌ಕಾಲು."

ಹೊರಡುವಾಗ ಗಾಯತ್ರಿ ಹಿಂದೆ ಉಳಿದು ಕೇಳಿಕೊಂಡಳು. "ಅಣ್ಣ, ನನ್ನ ಹೆಸರು ಹಾಕ್ಬೇಡಿ. ನಂದು ಅಂತ ಯಾರಿಗೂ ಗೊತ್ತಾಗ್ಬಾರ್ದು. ಗೊತ್ತಾದ್ರೆ ನಂಗೆ ಕಾಲೇಜು ಇಲ್ಲ."

"ಗೊತ್ತಾಗೂದಿಲ್ಲ ತಂಗಿ. ಒಂದನ್ನ ನಲವತ್ತು ಮಾಡ್ತೆ. ನಲವತ್ತರಲ್ಲಿ ನಿನ್ನ ಯಾರು ಹುಡುಕ್ತಾರೆ?"

ಅವರು ಮಾಡಿದರು. ಒಂದೇ ಕೂಗನ್ನು ಏರಿಸಿ, ಇಳಿಸಿ, ತುಸು ಹಿಂದೆ ತುಸು ಮುಂದೆ ಇಟ್ಟು ನಲವತ್ತು ಹುಡುಗಿಯರನ್ನು ಹುಟ್ಟಿಸಿದರು. ಕೂಗಿನ ಬಾಲ ಕತ್ತರಿಸಬೇಕೆಂದು ಕತ್ತರಿಸಿಯೂ ನೋಡಿದರು. ಹಾಗೆ ಮಾಡಿದರೆ ಕೂಗು ಸತ್ತೇ ಹೋಗುತ್ತಿತ್ತು. ಮೂರು ದಿನ ಕತ್ತರಿಸುವುದು, ಹಚ್ಚುವುದು ನಡೆಯಿತು. ಗದ್ದೆಯ ಮನೆಯಲ್ಲಿ ಹುಟ್ಟಿದವರು, ಆ ಬಾಲದ ಅರ್ಥ ಬಲ್ಲವರು. ಆದರೂ ಕಿವಿಯ ಆಸೆ ಗೆದ್ದಿತು. ಬಾಲ ಉಳಿಯಿತು. ಇದನ್ನು ಅವರೇ ಮುಂದೆ ಗಾಯತ್ರಿಗೆ ತಲೆ ತಗ್ಗಿಸಿ ಹೇಳಿದರು.

ಸಿನಿಮಾ ಫೆಬ್ರವರಿಯಲ್ಲಿ ಕುಮಟೆಯ ಟಾಕೀಸಿಗೆ ಬಂತು. ನಮ್ಮೂರ ಹುಡುಗ ತೆಗೆದದ್ದು ಎಂದು ಮೊದಲ ಭಾನುವಾರ ಜನವೋ ಜನ. ಹಿರೇಗುತ್ತಿಯ ಮಹಿಳಾ ಸಂಘದವರು ಒಂದು ಟೆಂಪೊ ಮಾಡಿಕೊಂಡು ಮಧ್ಯಾಹ್ನದ ಆಟಕ್ಕೆ ಹೊರಟರು. ಗಾಯತ್ರಿಯ ತಾಯಿ ಗಂಗೆ ಆ ಸಂಘದವಳೇ. ಟಾಕೀಸಿಗೆ ಹೋಗದೆ ಅವಳಿಗೆ ಹನ್ನೊಂದು ವರ್ಷವಾಗಿತ್ತು. "ನೀನೂ ಬಾ, ಕಾಲೇಜಿನ ಕತೆಯಂತೆ, ನಂಗೆ ತಿಳೀದಿದ್ರೆ ಹೇಳೂಕೆ ಬೇಕು" ಎಂದು ಮಗಳನ್ನೂ ಹೊರಡಿಸಿದಳು. ಗಾಯತ್ರಿಗೆ ಹೊಟ್ಟೆನೋವು ಎನ್ನಲು ಬಾಯಿ ಬರಲಿಲ್ಲ. ನಲವತ್ತು ದನಿ, ಹೆಸರಿಲ್ಲ ಎಂದು ಜಪ ಮಾಡುತ್ತ ಟೆಂಪೊ ಹತ್ತಿದಳು.

ಟಾಕೀಸಿನಲ್ಲಿ ಗಂಗೆ ನಡುವಿನ ಸಾಲಿನಲ್ಲಿ ಕೂತು, ಸೆರಗಿನ ಗಂಟಿನಿಂದ ಎಲೆಯಡಿಕೆಯ ಕವಳ ತೆಗೆದು ಬಾಯಿಗೆ ಹಾಕಿಕೊಂಡಳು. ಪ್ರಿನ್ಸಿಪಾಲರು ಬಂದಾಗಲೆಲ್ಲ "ಇವ್ನ ಮೋರೆ ನೋಡು" ಎಂದಳು. ಮಧ್ಯಂತರದಲ್ಲಿ ಪಕ್ಕದ ಮನೆಯ ಸುಕ್ರಿಗೆ ಕತೆ ಬಿಡಿಸಿ ಹೇಳಿದವಳೂ ಅವಳೇ. ಕೊನೆಗೆ ಗೇಟಿನ ದೃಶ್ಯ ಬಂತು. ಸಂಗೀತವೆಲ್ಲ ನಿಂತಿತು. ಪ್ರಿನ್ಸಿಪಾಲರು ಗೇಟು ತೆಗೆಯಿರಿ ಎಂದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಆ ಕೂಗು ಎದ್ದಿತು, ಟಾಕೀಸಿನ ನಾಲ್ಕೂ ಮೂಲೆಯಿಂದ. ಮೇಲೆ ಹೋಗಿ, ಉದ್ದಕ್ಕೆ ಚಾಚಿ, ಎರಡು ಸಲ ಮುಳುಗಿ ಎದ್ದಿತು.

ಗಂಗೆ ಎದ್ದು ನಿಂತಳು. ಬಾಯಿಯ ಪಕ್ಕಕ್ಕೆ ಕೈ ಅಡ್ಡ ಹಿಡಿದು, ಕತ್ತಲಲ್ಲಿ, ಗಜನಿಯ ಆಚೆ ದಂಡೆಗೆ ಕೇಳುವ ಹಾಗೆ, "ಓ..." ಎಂದು ಓಗೊಟ್ಟಳು.

ಇಡೀ ಟಾಕೀಸು ಗೊಳ್ಳೆಂದು ನಕ್ಕಿತು. ಯಾರೋ ಸಿಳ್ಳೆ ಹೊಡೆದರು. ಹಿರೇಗುತ್ತಿಯ ಹೆಂಗಸರ ಸಾಲು ಮಾತ್ರ ನಗಲಿಲ್ಲ. ಸುಕ್ರಿ ಮೆಲ್ಲಗೆ ಹೇಳಿದಳು: "ಹೊನ್ನನ ಮನೆ ಕೂಗಲ್ವಾ ಅದು?" ಗಂಗೆ ನಿಂತೇ ಇದ್ದಳು. ಕೂಗಿದವಳು ಎಲ್ಲಿದ್ದಾಳೆಂದು ಪರದೆಯ ಮೇಲೆ ಹುಡುಕಿ, ಪಕ್ಕಕ್ಕೆ ತಿರುಗಿ ಮಗಳ ಮುಖ ನೋಡಿದಳು. ಪರದೆಯ ಬೆಳಕಿನಲ್ಲಿ ಆ ಮುಖ ಎಲ್ಲವನ್ನೂ ಹೇಳಿತು. ಗಂಗೆ ಕೂತಳು.

ಕೊನೆಯ ಸಾಲಿನಲ್ಲಿ ವಿಶ್ವಣ್ಣ ಇದ್ದರು. ಮೊದಲ ಸಲ ತುಂಬಿದ ಟಾಕೀಸಿನಲ್ಲಿ ತಮ್ಮ ಸದ್ದನ್ನು ಕೇಳಲು ಹೆಂಡತಿ ನರ್ಮದಾಳ ಜೊತೆ ಬಂದಿದ್ದರು. ಆ "ಓ" ಕೇಳಿದ ಮೇಲೆ ಉಳಿದ ಸಿನಿಮಾ ಅವರಿಗೆ ಕೇಳಲಿಲ್ಲವಂತೆ. "ಮನೆ ಮುರಿದೆ ಕಣೆ, ಒಂದು ಹುಡುಗಿಯ ಓದು ಮುರಿದೆ" ಎಂದು ಬಸ್‌ಸ್ಟ್ಯಾಂಡಿನ ತನಕ ಹೇಳುತ್ತ ಹೋದರೆಂದು ನರ್ಮದಾ ಆಮೇಲೆ ಹೇಳಿದಳು.

ಟೆಂಪೊ ಮಿರ್ಜಾನ ದಾಟಿತು, ಅಘನಾಶಿನಿಯ ಸೇತುವೆ ದಾಟಿತು. ಹೆಂಗಸರು ಬೇರೆ ಏನೇನೋ ಮಾತಾಡಿದರು. ಹಿರೇಗುತ್ತಿಯಲ್ಲಿ ಇಳಿದು, ಗಜನಿಯ ಕಟ್ಟೆಯ ಮೇಲೆ ತಾಯಿ ಮಗಳು ಇಬ್ಬರೇ ಉಳಿದಾಗ ಇಕ್ಕೆಲದ ನೀರಿನಲ್ಲಿ ಸಂಜೆಯ ಬಿಸಿಲಿತ್ತು.

"ಎಂತಕ್ಕೆ ಕೂಗಿದ್ದೆ?"

"ಸಿನಿಮಾಕ್ಕೆ, ಅವ್ವಿ."

"ಸಿನಿಮಾಕ್ಕೆ ಹಾಗೆ ಬರೂದಿಲ್ಲ." ಗಂಗೆ ಮುಂದೆ ಮುಂದೆ ನಡೆಯುತ್ತಲೇ ಹೇಳಿದಳು. "ನೀ ಒಂಬತ್ತು ವರ್ಷದವಳಿದ್ದಾಗ ಭರತದ ನೀರು ಏರಿ ಕಟ್ಟೆ ಒಡೀತು ನೋಡು. ನೀ ನೀರು ಬಿಡೂ ಜಂತ್ರದ ಬಾಗಿಲ ಹತ್ರ ನಿಂತು ಕೂಗಿದ್ದೆ. ಅದೇ ಕೂಗು. ಅವತ್ತು ಬಿಟ್ರೆ ಇವತ್ತೇ ಕೇಳಿದ್ದು ನಾನು. ಈಗ ಯಾವ ನೀರು ಬಂತು ನಿಂಗೆ?"

ಗಾಯತ್ರಿ ಹೇಳಿದಳು. ಅಂಕೋಲೆಯ ಸಂಬಂಧ ಬೇಡ. ಆ ಹುಡುಗ ಕೆಟ್ಟವನೆಂದಲ್ಲ. ಬಿ.ಎ. ಮುಗಿಸಬೇಕು, ಬಿ.ಎಡ್. ಮಾಡಬೇಕು.

"ಇದನ್ನ ಹೇಳೂಕೆ ಹೊನ್ನಾವರಕ್ಕೆ ಹೋಗ್ಬೇಕಿತ್ತಾ? ಒಲೆ ಹತ್ರ ಹೇಳಿದ್ರೆ ಆಗ್ತಿರ್ಲಿಲ್ವಾ?"

"ಹೇಳಿದ್ದೆ ಅವ್ವಿ. ಮೂರು ಸಲ ಹೇಳಿದ್ದೆ. ಒಂದ್ಸಲ ನೀ ಮೀನು ಕೊಯ್ತಾ ಇದ್ದೆ."

ಗಂಗೆ ನಿಂತಳು. "ನಾ ಎಂತ ಅಂದೆ?"

"ಹ್ಞೂಂ ಅಂದೆ."

ದೂರದಲ್ಲಿ ಯಾರೋ ಬಲೆ ಎಳೆಯುತ್ತಿದ್ದರು. "ಹ್ಞೂಂ ಅಂದ್ರೆ ಓ ಅಂದ ಹಾಗಲ್ಲ" ಎಂದಳು ಗಂಗೆ. "ಇವತ್ತು ಓ ಅಂದಿದ್ದೇನೆ. ನಡಿ."

ಅವರು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಹೊನ್ನ ಅಂಗಳದಲ್ಲಿ ಕೂತಿದ್ದ. ಪಕ್ಕದಲ್ಲಿ ಸೋದರಮಾವ ಶುಕ್ರ, ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾದ ಮುಖದಲ್ಲಿ. "ಮಗಳು ಸಿನಿಮಾದಲ್ಲಿ ಕೂಗೂದು, ತಾಯಿ ಟಾಕೀಸಿನಲ್ಲಿ ಕೂಗೂದು. ಚಂದ ಆತು" ಎಂದ ಹೊನ್ನ. "ನಾಳೆಯಿಂದ ಬಸ್ಸು ಇಲ್ಲ."

ಗಂಗೆ ಕಾಲು ತೊಳೆದುಕೊಂಡು ಒಳಗೆ ಹೋಗಿ, ಕುಡಿಯಲು ನೀರು ತಂದಿಟ್ಟು, ಅಲ್ಲೇ ಕಂಬಕ್ಕೆ ಒರಗಿ ನಿಂತಳು.

"ಕೂಗಿದ್ದು ಅವಳು. ಓಗೊಟ್ಟದ್ದು ನಾನು. ಊರಿನ ಹದಿನೆಂಟು ಹೆಂಗಸರು ಕೇಳಿದ್ದಾರೆ. ಓಗೊಟ್ಟು ಹೋಗದೆ ಕೂತವಳು ಅಂತ ನಂಗೆ ಹೆಸರು ಬರೂದು ಬೇಡ. ನೀ ಹೇಳು, ಕಟ್ಟೆ ಒಡೆದ ದಿನ ನೀನೂ ಓಡಿದ್ಯಲ್ಲ. ಯಾಕೆ ಕೂಗಿದ್ಲು ಅಂತ ಕೇಳ್ತಾ ನಿಂತಿದ್ಯಾ?"

ಹೊನ್ನ ತಂಬಿಗೆ ಎತ್ತಿದ. ನೀರು ಕುಡಿದ. ಶುಕ್ರ ಕೆಮ್ಮಿ, "ಟೆಂಪೊದವನಿಗೆ ನಮ್ಮ ಕಡೆ ಹೆಣ್ಣು ಬೇಕಾದಷ್ಟು ಇದ್ರು ಬಾವ" ಎಂದ. ಅಷ್ಟೇ. ಸಿಟ್ಟು ನಾಲ್ಕು ದಿನ ಮನೆಯಲ್ಲಿ ಸುಳಿದಾಡಿತು. ಗಾಯತ್ರಿ ಸೋಮವಾರ ಬಸ್ಸಿಗೆ ಹೋಗಲಿಲ್ಲ, ಮಂಗಳವಾರವೂ ಹೋಗಲಿಲ್ಲ. ಶುಕ್ರವಾರ ಬೆಳಿಗ್ಗೆ ಹೊನ್ನನೇ, ಯಾರ ಮುಖವನ್ನೂ ನೋಡದೆ, "ಎಂಟೂಕಾಲಿನ ಬಸ್ಸು ಇವತ್ತು ಬೇಗ ಬರ್ತದಂತೆ" ಎಂದ.

ಅದರ ಮರುದಿನ ಶನಿವಾರವೇ, ಭಾನುವಾರಕ್ಕೂ ಕಾಯದೆ, ವಿಶ್ವಣ್ಣ ಹಿರೇಗುತ್ತಿಗೆ ಬಂದರು. ಹೆಗಲಲ್ಲಿ ಚೀಲ, ಕೈಯಲ್ಲಿ ಒಂದು ಹಲಸಿನಕಾಯಿ. ಅಂಗಳದಲ್ಲಿ ನಿಂತು, ತಾವು ಮಾತು ಕೊಟ್ಟಿದ್ದನ್ನು, ಬಾಲ ಕತ್ತರಿಸದೆ ಬಿಟ್ಟದ್ದನ್ನು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ತಪ್ಪು ನಂದು, ಹುಡುಗಿಯದ್ದಲ್ಲ. ಎಂತ ಶಿಕ್ಷೆ ಅಂತ ಹೇಳಿ" ಎಂದರು. ಹೊನ್ನ ದಂಗಾದ. ಸಿನಿಮಾದವರೆಂದರೆ ಕಪ್ಪು ಕನ್ನಡಕದವರೆಂದು ಅವನು ಎಣಿಸಿದ್ದ. ಇವರು ನೋಡಿದರೆ ಹಲಸಿನಕಾಯಿಯನ್ನು ಕೆಳಗಿಡಲೂ ಅನುಮತಿ ಕಾಯುತ್ತಿದ್ದರು.

"ಮೊದ್ಲು ಉಣ್ಣಿ" ಎಂದಳು ಗಂಗೆ. ಕಗ್ಗದಕ್ಕಿಯ ಗಂಜಿ, ಒಣಮೀನಿನ ಚಟ್ನಿ ಬಡಿಸಿದಳು. ಉಂಡ ಮೇಲೆ, "ನನ್ನ ಮಗಳನ್ನ ನಲವತ್ತು ಮಾಡಿದ್ರಂತಲ್ಲ, ತೋರ್ಸಿ" ಎಂದಳು. ಅವರು ಚೀಲದಿಂದ ಲ್ಯಾಪ್‌ಟಾಪ್ ತೆಗೆದು, ಹೆಡ್‌ಫೋನನ್ನು ಅವಳ ಕಿವಿಗಿಟ್ಟರು. ಗಂಗೆ ಕೇಳಿದಳು. ಇನ್ನೊಮ್ಮೆ ಹಾಕಿ ಎಂದಳು. ಮೂರನೆಯ ಸಲ ಕಣ್ಣೊರೆಸಿಕೊಂಡು ಹೆಡ್‌ಫೋನು ತೆಗೆದಳು.

"ಕೂಗು ಅಷ್ಟೇ ಇಟ್ಟಿದ್ರಿ. ಓ ಅನ್ನೂದನ್ನ ಇಡ್ಲಿಲ್ಲ. ಹಾಗೆ ಬಿಟ್ರೆ ಕೇಳಿದವರಿಗೆ ಜೀವ ತಡೀತದಾ? ಅದಕ್ಕೇ ನಾ ಎದ್ದು ನಿಂತದ್ದು. ನಿಮ್ಮ ಸಿನಿಮಾದಲ್ಲಿ ಅಷ್ಟು ಮಕ್ಕಳು ಕೂಗ್ತಿದ್ರು, ಒಬ್ರೂ ಓ ಅನ್ನೂದಿಲ್ಲ."

ವಿಶ್ವಣ್ಣ ತಲೆ ಅಲ್ಲಾಡಿಸುತ್ತ ಕೂತರು. ಇಪ್ಪತ್ತೈದು ವರ್ಷ ಸದ್ದಿನ ಜೊತೆ ಬಾಳಿದವರಿಗೆ ಇದು ಹೊಳೆದಿರಲಿಲ್ಲ. ಆ ಸಂಜೆ ಕಟ್ಟೆಯ ಮೇಲೆ ಮೈಕು ಇಟ್ಟು ಗಂಗೆಯ "ಓ"ವನ್ನು ಹಿಡಿದುಕೊಂಡರು. ಕೇಳಿದ ಕೂಗಿಗೆ ಮಾತ್ರ ಓಗೊಡಲು ಅವಳಿಗೆ ಬರುತ್ತಿದ್ದದ್ದು, ಸುಮ್ಮನೆ ಬರುತ್ತಿರಲಿಲ್ಲ. ಅದಕ್ಕೆ ಗಾಯತ್ರಿ ಆಚೆ ಕಟ್ಟೆಗೆ ಹೋಗಿ ನಿಂತು ಕೂಗಬೇಕಾಯಿತು. ಹೊನ್ನ ತಂತಿ ನೀರಿಗೆ ಬೀಳದಂತೆ ಎತ್ತಿ ಹಿಡಿದುಕೊಂಡು ನಿಂತಿದ್ದ.

ಶಿಶಿರನ ಎರಡನೆಯ ಸಿನಿಮಾ 'ಬೀಗ ಒಡೆದವರು'. ಹುಡುಗ ಮನೆ ಬಿಟ್ಟು ಹೋಗುವ ದೃಶ್ಯದ ಗದ್ದಲದ ಅಡಿಯಲ್ಲಿ, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಮೆಲ್ಲಗೆ, ವಿಶ್ವಣ್ಣ ಆ "ಓ"ವನ್ನು ಇಟ್ಟರು. ಶಿಶಿರನಿಗೆ ಅದು ಕೇಳಿಯೇ ಕೇಳಿತು.

"ಬಂಡಾಯದ ಸಿನಿಮಾದಲ್ಲಿ ಅಮ್ಮಂದಿರು ಓ ಅಂತ ಎಂತಕ್ಕೆ ಬಂದ್ರು ವಿಶ್ವಣ್ಣ? ತೆಗಿ ಅದನ್ನ."

"ಇಲ್ಲ ಶಿಶಿರ."

ಶಿಶಿರ ಕಾದ. ಮುಂದೆ ಏನಾದರೂ ಹೇಳುತ್ತಾರೆ, ಕ್ಷಮಿಸು ಎನ್ನುತ್ತಾರೆ ಎಂದುಕೊಂಡ. ವಿಶ್ವಣ್ಣ ಹೆಡ್‌ಫೋನು ತೆಗೆದಿಟ್ಟರು. ಚಹಾ ತರಿಸಿದರು. "ಈ 'ಇಲ್ಲ'ವನ್ನ ಆವತ್ತು ಮೈಕಿನ ಎದುರು ಹೇಳಿದ್ರೆ ಆ ಹತ್ತು ಹುಡುಗಿಯರನ್ನ ಕರೆಸೂ ಕೆಲ್ಸ ಇರ್ತಿರ್ಲಿಲ್ಲ" ಎಂದು ಗೊಣಗಿ ಶಿಶಿರ ಚಹಾ ಕುಡಿದ. "ಓ" ಉಳಿಯಿತು. ಮೂರನೆಯದು 'ಊರಿಗೆ ನಾವೇ'. ಅದರಲ್ಲೂ ಉಳಿಯಿತು. ಸಿನಿಮಾ ನೋಡಿದ ಹುಡುಗರು ಅದನ್ನು ಗಮನಿಸಿದರೋ ಇಲ್ಲವೋ ಹೇಳುವಂತಿಲ್ಲ. ಅವರ ತಾಯಂದಿರು ಗಮನಿಸುತ್ತಿದ್ದರು ಎಂದು ವಿಶ್ವಣ್ಣ ನಂಬಿದ್ದರು.

ನಾಲ್ಕನೆಯ ಸಿನಿಮಾದ ಹೊತ್ತಿಗೆ ಶಿಶಿರನ ಕೈಗೆ ದೊಡ್ಡ ನಿರ್ಮಾಪಕರು ಸಿಕ್ಕರು, ಸಂಗೀತಕ್ಕೆ ಬೆಂಗಳೂರಿನವರನ್ನು ಇಡಬೇಕೆಂಬ ಕರಾರಿತ್ತು. ಅವನೇ ಬಂದು, ನೇರವಾಗಿ ಹೇಳಲಾಗದೆ, ಸುತ್ತಿ ಬಳಸಿ ಹೇಳಿದ. ವಿಶ್ವಣ್ಣ ಅವನನ್ನು ಸಮಾಧಾನ ಮಾಡಿ ಕಳಿಸಿದರು. ಅಲ್ಲಿಗೆ ಅವರ ಸಿನಿಮಾದ ಬದುಕು ಮುಗಿಯಿತು. ಮೂರು ಸಿನಿಮಾ, ಎಂಟು ವರ್ಷ.

ಗಾಯತ್ರಿ ಬಿ.ಎ. ಮುಗಿಸಿದಳು, ಬಿ.ಎಡ್. ಮಾಡಿದಳು, ಹೊನ್ನಾವರ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರಾದಳು. ಮದುವೆಯೂ ಆಯಿತು, ಅವಳು ಒಪ್ಪಿದವನ ಜೊತೆ. ಮದುವೆಯ ದಿನ ವಿಶ್ವಣ್ಣ ಮೈಕು ಹಿಡಿದು ಹಾಡುವ ಹೆಂಗಸರ ನಡುವೆ ಕೂತಿದ್ದರು. ಗಂಗೆ ಅವರನ್ನು ನೆಂಟರಿಗೆಲ್ಲ ತೋರಿಸಿ, "ಇವ್ರೇ ನನ್ನ ಮಗಳನ್ನ ನಲವತ್ತು ಮಾಡಿದವ್ರು" ಎಂದು ಪರಿಚಯಿಸಿದಳು. ಅವರು ಕೂತಲ್ಲೇ ಕುಗ್ಗಿಹೋದರು.

ಈಗಲೂ ಗಾಯತ್ರಿ ತಿಂಗಳಿಗೊಮ್ಮೆ ಶಾಲೆ ಬಿಟ್ಟ ಮೇಲೆ ಆ ಗೋದಾಮಿಗೆ ಹೋಗುತ್ತಾಳೆ. ನಾರಿನ ಚಾಪೆ ಅಲ್ಲಲ್ಲಿ ಹರಿದಿದೆ. ಬಾಗಿಲಿನ ಮೇಲೆ ರೈಲಿನ ಹೊತ್ತುಗಳನ್ನು ಹೊಸದಾಗಿ ಬರೆದಿರುತ್ತದೆ. ವಿಶ್ವಣ್ಣನಿಗೆ ಅರವತ್ತು ಸಮೀಪಿಸಿದೆ. ಹೊನ್ನಾವರ, ಕುಮಟೆ, ಭಟ್ಕಳದ ಕಾಲೇಜು ಮಕ್ಕಳು ಮೊಬೈಲಿನಲ್ಲಿ ತೆಗೆದ ಹತ್ತು ನಿಮಿಷದ, ಹದಿನೈದು ನಿಮಿಷದ ಸಿನಿಮಾಗಳನ್ನು ತರುತ್ತಾರೆ. ಹೆಚ್ಚಿನವುಗಳಲ್ಲಿ ಯಾರಾದರೂ ಯಾರ ಮೇಲಾದರೂ ಸಿಟ್ಟಾಗಿರುತ್ತಾರೆ. ವಿಶ್ವಣ್ಣ, ಸಾಹೇಬರು ಕಲಿಸಿದ ಹಾಗೆ, ಮೊದಲು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳುತ್ತಾರೆ. ಆಮೇಲೆ ಅವಕ್ಕೆ ಸಂಗೀತ ಮಾಡಿಕೊಡುತ್ತಾರೆ.